ಹಸಿಯೂ ಅಲ್ಲದ, ಒಣಗಿಯೂ ಇಲ್ಲದ ನೆಲ

ನಮುಚಿಯೆಂಬ ಅಸುರನಿಗೂ ಇಂದ್ರನಿಗೂ ಆದ ಒಪ್ಪಂದದ ಕಥೆ ವೈದಿಕ ವಾಙ್ಮಯದಲ್ಲಿ ಬಹು ಪ್ರಾಚೀನವಾದದ್ದು. ಹಗಲಿನಲ್ಲಾಗಲಿ ಇರುಳಿನಲ್ಲಾಗಲಿ, ಹಸಿಯಾದುದರಿಂದಾಗಲಿ ಒಣಗಿದುದರಿಂದಾಗಲಿ ನಿನ್ನನ್ನು ಕೊಲ್ಲೆನೆಂದು ಮಾತು ಕೊಟ್ಟಿದ್ದ ಇಂದ್ರನು, ಆಡಿದ ಮಾತೂ ಉಳಿಯಬೇಕು, ವೈರಿಯೂ ಅಳಿಯಬೇಕು ಎಂದು ಉಪಾಯ ಹುಡುಕಿ, ಕಡೆಗೆ ಇರುಳು ಕಳೆದು ಸೂರ್ಯನು ಇನ್ನೂ ಮೂಡದಿದ್ದ ಸಂಧಿಯಲ್ಲಿ, ನೀರಿನ ನೊರೆಯಿಂದ ಅವನ ತಲೆಯನ್ನು ತೆಗೆದನಂತೆ. ಋಗ್ವೇದದ ಎಂಟನೆಯ ಮಂಡಲದಲ್ಲಿ ನೊರೆಯ ಪ್ರಸ್ತಾಪ ಮಾತ್ರ ಉಂಟು. ಒಪ್ಪಂದದ ವಿವರಗಳನ್ನು ಬೆಳೆಯಿಸಿದ್ದು ಶತಪಥ ಬ್ರಾಹ್ಮಣ. ಇದನ್ನು ಇಂದ್ರನ ಜಾಣತನಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನ್ನ ಕುತೂಹಲವಾದರೋ ನಮುಚಿಯ ಕಡೆಗೆ: ಜಗತ್ತಿನಲ್ಲಿರುವುದೆಲ್ಲ ಒಂದೋ ಹಸಿ, ಇಲ್ಲವೆ ಒಣ ಎಂದು ಎರಡೇ ಪಂಕ್ತಿಗಳಲ್ಲಿ ಲೆಕ್ಕ ಬರೆದು ನಿಶ್ಚಿಂತನಾದವನಿಗೆ, ಎರಡು ಪಂಕ್ತಿಗೂ ಸೇರದ ಒಂದು ವಸ್ತುವೇ ಮೃತ್ಯುವಾಯಿತಲ್ಲ!

ಆ ಲೆಕ್ಕವನ್ನು ನಂಬಿ ಕಟ್ಟಿದ ನಗರಗಳು ಲೋಕದಲ್ಲಿ ಅನೇಕ ಉಂಟು. ಮುಂಬಯಿ ಅವುಗಳಲ್ಲಿ ಅಗ್ರಗಣ್ಯವಾದದ್ದು; ಮುಂಬಯಿಯೊಳಗೆ ಸಯನ್ ಎಂಬ ಭಾಗವು ಈ ವಿಷಯದ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೋ ಸಯನ್ನಿನ ಗೋಕುಲದ ಸಮಾರಂಭಕ್ಕೋ ಹೋಗಿಬರುವ ಕನ್ನಡಿಗರಿಗೆ ಇಂದು ಅಲ್ಲಿ ಕಾಣುವುದು ರಸ್ತೆ, ಮೇಲ್ಸೇತುವೆ, ಆಸ್ಪತ್ರೆ, ಎತ್ತರದ ಕಟ್ಟಡಗಳು, ಅವುಗಳ ನಡುವೆ ಒಂದು ಕೋಟೆಯ ಗುಡ್ಡ. ಆ ಗುಡ್ಡವನ್ನು ಹತ್ತಿ ಉತ್ತರಕ್ಕೆ ಮುಖ ಮಾಡಿದವರು, 17ನೇ ಶತಮಾನದ ಉತ್ತರಾರ್ಧದಲ್ಲಿ ಜೆರಾಲ್ಡ್ ಆಂಜಿಯರನು ಮುಂಬಯಿಯ ಗವರ್ನರನಾಗಿದ್ದಾಗ ಅದನ್ನು ಏತಕ್ಕಾಗಿ ಕಟ್ಟಿಸಿದನೆಂಬುದನ್ನು ಊಹಿಸಿಕೊಳ್ಳಬಹುದು. ಅಲ್ಲಿಗೆ ಇಂಗ್ಲಿಷರ ದ್ವೀಪ ಮುಗಿಯುತ್ತಿತ್ತು. ಆಚೆ ಪೋರ್ಚುಗೀಸರ ಸಾಷ್ಟಿ. ನಡುವೆ ಇದ್ದ ಗಡಿ ಗೋಡೆಯೂ ಅಲ್ಲ, ನದಿಯೂ ಅಲ್ಲ: ಪಶ್ಚಿಮದಲ್ಲಿ ಮಾಹಿಮಿನಿಂದ ಒಳನುಗ್ಗಿ, ಪೂರ್ವದಲ್ಲಿ ಠಾಣೆಯ ಖಾಡಿಯ ಕಡೆಗೆ ಹೊರಳುತ್ತಿದ್ದ ಉಪ್ಪುನೀರಿನ ಕವಲುಗಳು, ಅವುಗಳ ಎರಡು ದಡಗಳಲ್ಲಿ ಹಬ್ಬಿದ್ದ ಕೆಸರುಬಯಲು, ಕಾಂಡ್ಲದ ಪೊದೆಗಳು, ಉಪ್ಪಿನಾಗರಗಳು. ಭರತದ ಹೊತ್ತಿನಲ್ಲಿ ದೋಣಿ ಹೋಗುತ್ತಿದ್ದಲ್ಲಿ ಇಳಿತದ ಹೊತ್ತಿನಲ್ಲಿ ಮನುಷ್ಯನು ಮೊಣಕಾಲುದ್ದ ಹೂತುಹೋಗುತ್ತಿದ್ದನು. ಗಡಿಯನ್ನು ಕಾಯುವ ಸಿಪಾಯಿಗೆ ಅದಕ್ಕಿಂತ ಒಳ್ಳೆಯ ಸಹಾಯಕ ಬೇಕಾಗಿರಲಿಲ್ಲ.

ಗಡಿ ಅನಾವಶ್ಯಕವಾದ ಮೇಲೆ ಕೆಸರೂ ಅನಾವಶ್ಯಕವಾಯಿತು. 18ನೇ ಶತಮಾನದ ಅಂತ್ಯದಲ್ಲಿ ಗವರ್ನರ್ ಜೊನಾಥನ್ ಡಂಕನ್ ಸಯನ್ನಿನಿಂದ ಕುರ್ಲಾದ ಕಡೆಗೆ ಒಡ್ಡು ಹಾಕಿಸಲಾರಂಭಿಸಿದನು. 1845ರಲ್ಲಿ ಜಮ್‌ಶೇಟ್‌ಜೀ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರು ಕೊಟ್ಟ ದ್ರವ್ಯದಿಂದ ಮಾಹಿಮಿನ ಒಡ್ಡು ಪೂರ್ಣವಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಹಿಂದುಸ್ತಾನದ ಮೊದಲ ಪ್ರಯಾಣಿಕ ರೈಲುಗಾಡಿ ಇದೇ ಜೌಗಿನ ಮೇಲೆ ಮಣ್ಣು ಪೇರಿಸಿ ಎತ್ತರಿಸಿದ ಏರಿಯ ಮೇಲೆ ಹಾದುಹೋಯಿತು. ಪ್ರತಿಯೊಂದು ಒಡ್ಡೂ ಜನರಿಗೆ ಉಪಕಾರವನ್ನೇ ಮಾಡಿತು, ಅದರಲ್ಲಿ ಸಂದೇಹವಿಲ್ಲ. ಮಾಹಿಮಿನಲ್ಲಿ ದೋಣಿ ಮಗುಚಿ ಸಾಯುತ್ತಿದ್ದವರ ನೆನಪು ಹಳೆಯ ತಲೆಮಾರಿನವರಿಗಿತ್ತು. ಆದರೆ ಪ್ರತಿಯೊಂದು ಒಡ್ಡೂ ಸಮುದ್ರವು ದಿನಕ್ಕೆ ಎರಡು ಸಲ ನಡೆದಾಡುತ್ತಿದ್ದ ಹಾದಿಗೆ ಅಡ್ಡಲಾಗಿ ಹಾಕಿದ ಅಗಳಿಯೂ ಆಯಿತು. ಇಂದಿಗೂ ಆಷಾಢ ಶ್ರಾವಣಗಳಲ್ಲಿ ಮಳೆ ಹಿಡಿದರೆ, ಸಯನ್-ಕುರ್ಲಾ ನಡುವೆ ಹಳಿಗಳ ಮೇಲೆ ನೀರು ಬಂದು ಲೋಕಲ್ ಗಾಡಿಗಳು ನಿಂತವೆಂಬ ಸುದ್ದಿ ತಪ್ಪದೆ ಬರುತ್ತದೆ. ಮಹಾನಗರಪಾಲಿಕೆಯ ಚರಂಡಿಗಳನ್ನು ಬಯ್ಯುವವರು ಬಯ್ಯಲಿ. ಆ ನೀರಿಗೆ ತನ್ನ ಹಳೆಯ ಮನೆಯ ವಿಳಾಸ ಮರೆತಿಲ್ಲವೆಂಬುದನ್ನೂ ಗಮನಿಸಬೇಕು.

ಜೌಗೆಂದರೇನು? ಪ್ರಶ್ನೆ ಮೇಲುನೋಟಕ್ಕೆ ಸುಲಭವಾದದ್ದು. ಉದಯನಾಚಾರ್ಯನು ವೈಶೇಷಿಕಶಾಸ್ತ್ರಕ್ಕೆ ಬರೆದ ಕಿರಣಾವಳಿಯಲ್ಲಿ, ಯಾವುದನ್ನು ನಿಜವಾದ ಜಾತಿಯೆಂದು ಒಪ್ಪಬಾರದು ಎಂಬುದಕ್ಕೆ ಆರು ಬಾಧಕಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು ಸಾಂಕರ್ಯ. ಎರಡು ಧರ್ಮಗಳು ಕೆಲವೆಡೆ ಒಟ್ಟಿಗಿದ್ದು, ಕೆಲವೆಡೆ ಒಂದನ್ನು ಬಿಟ್ಟು ಇನ್ನೊಂದು ಇರುವುದಾದರೆ, ಅವೆರಡನ್ನೂ ಜಾತಿಯೆಂದು ಒಪ್ಪತಕ್ಕದ್ದಲ್ಲ. ಭೂತತ್ವ ಮೂರ್ತತ್ವಗಳು ಇದಕ್ಕೆ ಪ್ರಸಿದ್ಧವಾದ ಉದಾಹರಣೆ: ಆಕಾಶದಲ್ಲಿ ಮೊದಲನೆಯದು ಮಾತ್ರ, ಮನಸ್ಸಿನಲ್ಲಿ ಎರಡನೆಯದು ಮಾತ್ರ, ಪೃಥಿವಿಯೇ ಮೊದಲಾದ ನಾಲ್ಕರಲ್ಲಿ ಎರಡೂ. ತಾರ್ಕಿಕನ ಜಗತ್ತಿನಲ್ಲಿ ಜಾತಿಗಳು ಒಂದರೊಳಗೊಂದು ಅಡಕವಾಗಿರಬಹುದು, ಒಂದಕ್ಕೊಂದು ದೂರವಾಗಿರಬಹುದು, ಅಡ್ಡಹಾಯಬಾರದು. ಸಯನ್ನಿನ ಕೆಸರುಬಯಲು ಈ ವ್ಯವಸ್ಥೆಗೆ ದೊಡ್ಡ ತಲೆನೋವು. ಬೆಳಗ್ಗೆ ಆರು ಗಂಟೆಗೆ ಅದು ಸಮುದ್ರ, ಮಧ್ಯಾಹ್ನಕ್ಕೆ ನೆಲ, ಸಂಜೆ ಮತ್ತೆ ಸಮುದ್ರ. ನೆಲವಾಗಿರುವಾಗಲೂ ಒಳಗೆ ನೀರೇ ತುಂಬಿಕೊಂಡಿರುತ್ತದೆ.

ಜೈನ ದಾರ್ಶನಿಕರಿಗೆ ಈ ಸಂಕಟ ಅಷ್ಟಿರುತ್ತಿರಲಿಲ್ಲ. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ ಎಂಬ ನಾಲ್ಕನ್ನು ಹೇಳದೆ ಯಾವುದನ್ನೂ ಇದೆಯೆಂದಾಗಲಿ ಇಲ್ಲವೆಂದಾಗಲಿ ಸಾಧಿಸಬಾರದೆಂಬುದು ಅವರ ಸ್ಯಾದ್ವಾದ. ಕಾಲವನ್ನು ಸೇರಿಸಿ ಹೇಳಿದಾಗ ಕೆಸರುಬಯಲಿನ ವಿಷಯದಲ್ಲಿ ವಿರೋಧ ಉಳಿಯುವುದೇ ಇಲ್ಲ. ಆಧುನಿಕ ವಿಜ್ಞಾನವು ತಲುಪಿದ್ದೂ ಇಂಥದೇ ನೆಲೆಯನ್ನು, ಆದರೆ ಬಹಳ ತಡವಾಗಿ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ಒಪ್ಪಂದವು ಜೌಗು ಪ್ರದೇಶಕ್ಕೆ ಕೊಟ್ಟ ಲಕ್ಷಣ ಅತಿ ವಿಶಾಲವಾದದ್ದು: ಸಹಜವಾಗಲಿ ಕೃತಕವಾಗಲಿ, ಶಾಶ್ವತವಾಗಲಿ ತಾತ್ಕಾಲಿಕವಾಗಲಿ, ನಿಂತ ನೀರಾಗಲಿ ಹರಿಯುವ ನೀರಾಗಲಿ, ಸಿಹಿಯಾಗಲಿ ಚೌಳಾಗಲಿ ಉಪ್ಪಾಗಲಿ; ಸಮುದ್ರದ ಮಟ್ಟಿಗೆ, ಇಳಿತದಲ್ಲಿ ಆರು ಮೀಟರಿಗಿಂತ ಆಳವಿರಬಾರದು. 1979ರಲ್ಲಿ ಅಮೆರಿಕದ ಕೌವರ್ಡಿನ್ ಮತ್ತು ಸಂಗಡಿಗರು ರಚಿಸಿದ ವರ್ಗೀಕರಣವು ನೀರಿನ ವರ್ತನೆ, ನೀರಿನಲ್ಲಿ ನೆನೆದು ಮಾರ್ಪಟ್ಟ ಮಣ್ಣು, ಅಂಥ ಮಣ್ಣಿನಲ್ಲಿ ಬಾಳಬಲ್ಲ ಸಸ್ಯ ಎಂಬ ಮೂರು ಸಾಕ್ಷಿಗಳಲ್ಲಿ ಒಂದನ್ನಾದರೂ ಕೇಳಿತು. ನೀರು ಇವೊತ್ತು ಕಾಣದಿರಬಹುದು. ಮಣ್ಣು ಸುಳ್ಳು ಹೇಳುವುದಿಲ್ಲ.

ಆ ಮಣ್ಣನ್ನು ಕೊಂಚ ಹತ್ತಿರದಿಂದ ನೋಡೋಣ. ಸಯನ್ನಿಗೂ ಧಾರಾವಿಗೂ ಅಂಟಿಕೊಂಡು ಹರಿಯುವ ಮಿಠೀ ನದಿಯ ಅಂಚಿನಲ್ಲಿ, ಇಳಿತದ ಹೊತ್ತಿಗೆ, ಒಂದು ಕೋಲನ್ನು ಕೆಸರಿಗೆ ಊರಿ ಮೇಲೆತ್ತಿದರೆ ತುದಿಯಲ್ಲಿ ಎರಡು ಬಣ್ಣಗಳು ಬರುತ್ತವೆ. ಮೇಲೆ ಕೆಲವೇ ಮಿಲಿಮೀಟರುಗಳ ಕಂದುಬಣ್ಣದ ಪದರ. ಅದರ ಕೆಳಗೆ ಕಾಡಿಗೆಯ ಕಪ್ಪು. ಕಂದು ಇರುವಷ್ಟು ಆಳಕ್ಕೆ ಗಾಳಿಯ ಆಮ್ಲಜನಕ ಇಳಿದಿದೆ. ನೀರಿನ ಮೂಲಕ ಆಮ್ಲಜನಕವು ಪಸರಿಸುವ ವೇಗ ಗಾಳಿಯಲ್ಲಿ ಪಸರಿಸುವುದರ ಸುಮಾರು ಹತ್ತುಸಾವಿರದಲ್ಲೊಂದು ಪಾಲು. ಆದಕಾರಣ ನೆನೆದ ಮಣ್ಣಿನೊಳಕ್ಕೆ ಅದು ಇಳಿಯುವಷ್ಟರಲ್ಲೇ ಮೇಲಿನ ಸೂಕ್ಷ್ಮಜೀವಿಗಳು ಕಬಳಿಸಿಬಿಡುತ್ತವೆ. ಕೆಳಗಿನವಕ್ಕೆ ಬೇರೆ ಉಸಿರು ಬೇಕು. ಸಮುದ್ರದ ನೀರಿನಲ್ಲಿ ಯಥೇಚ್ಛವಾಗಿರುವ ಸಲ್ಫೇಟನ್ನು ಒಂದು ವರ್ಗದ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲಿಗೆ ಬಳಸಿಕೊಂಡು ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತವೆ. ಸಯನ್ನಿನ ಖಾಡಿಯ ಬದಿಯಲ್ಲಿ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ವಾಸನೆಯಲ್ಲಿ ಊರಿನ ಹೊಲಸಿನ ಪಾಲು ದೊಡ್ಡದಾದರೂ ಈ ಬ್ಯಾಕ್ಟೀರಿಯಾಗಳ ಪಾಲೂ ಉಂಟು. ಆ ಅನಿಲವು ಮಣ್ಣಿನ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಬಣ್ಣ ಬರುತ್ತದೆ. ಇಂಥ ಉಸಿರು ಬಹು ಮಂದವಾದದ್ದು. ಬಿದ್ದ ಎಲೆ, ಬೇರು, ಸತ್ತ ಏಡಿ ಯಾವುದೂ ಬೇಗ ಕರಗುವುದಿಲ್ಲ. ವಾಯುಮಂಡಲದಿಂದ ಮರಗಿಡಗಳು ಹೀರಿಕೊಂಡ ಇಂಗಾಲವು ಅಲ್ಲೇ ಶತಮಾನಗಳ ಕಾಲ ಹೂತಿರುತ್ತದೆ. ಸಿಹಿನೀರಿನ ಜೌಗಿನಿಂದ ಮೀಥೇನ್ ಏಳುತ್ತದೆ. ಉಪ್ಪುನೀರಿನ ಜೌಗಿನಲ್ಲಿ ಸಲ್ಫೇಟಿನವರು ಮುಂದಾಗಿ ಮೇವನ್ನೆಲ್ಲ ತಿಂದುಬಿಡುವುದರಿಂದ ಮೀಥೇನಿನವರಿಗೆ ಉಳಿಯುವುದು ಸ್ವಲ್ಪವೇ. ಈ ಹಿನ್ನೆಲೆಯಲ್ಲಿ ಹವಾಮಾನವನ್ನು ಕುರಿತು ಚಿಂತಿಸುವವರಿಗೆ ಕಳೆದ ಎರಡು ದಶಕಗಳಲ್ಲಿ ಕಾಂಡ್ಲದ ಕೆಸರಿನ ಮೇಲೆ ಹಠಾತ್ತನೆ ಪ್ರೀತಿ ಹುಟ್ಟಿದೆ.

ಇಲ್ಲಿ ಹೆಚ್ಚಾಗಿ ಬೆಳೆಯುವ ಕಾಂಡ್ಲದ ಶಾಸ್ತ್ರೀಯ ನಾಮ ಅವಿಸೆನ್ನಿಯಾ ಮರೀನಾ. ಮರಾಠಿಯವರು ತಿವರ ಎನ್ನುತ್ತಾರೆ. ಅದರ ಬೇರುಗಳು ಕೆಸರಿನಡಿಯಲ್ಲಿ ಅಡ್ಡಡ್ಡ ಹರಿದು, ಅಲ್ಲಲ್ಲಿ ಗೇಣುದ್ದದ ಕವಲುಗಳನ್ನು ನೇರ ಮೇಲಕ್ಕೆ ಚಾಚುತ್ತವೆ. ಅವುಗಳ ತೊಗಟೆಯಲ್ಲಿ ಗಾಳಿಯಾಡುವ ರಂಧ್ರಗಳಿವೆ. ಎಲೆಯ ಬೆನ್ನನ್ನು ನಾಲಗೆಗೆ ತಾಗಿಸಿದರೆ ಉಪ್ಪು: ಹೀರಿದ ನೀರಿನೊಡನೆ ಬಂದ ಲವಣವನ್ನು ಎಲೆಯ ಗ್ರಂಥಿಗಳು ಹೊರಕ್ಕೆ ಸೂಸಿಬಿಡುತ್ತವೆ. (ಮಿಠೀ ನದಿಯ ದಡದ ಎಲೆಯನ್ನು ನೆಕ್ಕಲು ನಾನು ಯಾರಿಗೂ ಸಲಹೆ ಕೊಡಲಾರೆ.) ಲಿನೇಯಸನು ಈ ಕುಲಕ್ಕೆ ಹೆಸರು ಕೊಟ್ಟದ್ದು ಯುರೋಪಿನವರು ಅವಿಸೆನ್ನಾ ಎಂದು ಕರೆಯುತ್ತಿದ್ದ ಇಬ್ನ್ ಸೀನಾನ ಗೌರವಾರ್ಥವಾಗಿ. ಹತ್ತು-ಹನ್ನೊಂದನೆಯ ಶತಮಾನಗಳಲ್ಲಿ ಬಾಳಿದ ಆ ವೈದ್ಯ ದಾರ್ಶನಿಕನು ಕಲ್ಲು ಬೆಟ್ಟಗಳ ಉತ್ಪತ್ತಿಯನ್ನು ವಿಚಾರಿಸುತ್ತ, ಇಂದು ಜನವಸತಿಯಾಗಿರುವ ನೆಲವು ಹಿಂದೆ ಸಮುದ್ರದಡಿಯಲ್ಲಿದ್ದಿತೆಂದೂ, ಕೆಸರು ಎಣಿಸಲಾಗದಷ್ಟು ಕಾಲದಲ್ಲಿ ಗಟ್ಟಿಯಾಗಿ ಶಿಲೆಯಾಯಿತೆಂದೂ ಬರೆದವನು. ಅವನ ಹೆಸರಿನ ಗಿಡವು ಅದೇ ಕೆಸರನ್ನು ಬೇರಿನಲ್ಲಿ ಹಿಡಿದಿಟ್ಟುಕೊಂಡು ನಿಂತಿರುವುದು ಲಿನೇಯಸನ ಯೋಜನೆಯೇನಲ್ಲ. ಆಕಸ್ಮಿಕವೂ ಕೆಲವು ಸಲ ರಸಿಕತನವನ್ನು ತೋರಿಸುತ್ತದೆ.

ಹೀಗಿದ್ದೂ ಮನುಷ್ಯನು ಜೌಗನ್ನು ಮೆಚ್ಚಿದವನಲ್ಲ, ನಮ್ಮವರೂ ಅದಕ್ಕೆ ಹೊರತಲ್ಲ. ಆಯುರ್ವೇದದವರು ದೇಶವನ್ನು ಜಾಂಗಲ, ಅನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸಿದರು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಅನೂಪದ ವರ್ಣನೆ ಮನೋಹರವಾಗಿಯೇ ಇದೆ: ನದೀತೀರ, ಸಮುದ್ರತೀರ, ತೆಂಗು ಬಾಳೆಗಳ ತೋಪು, ತಂಪಾದ ಗಾಳಿ, ಹಂಸ ಚಕ್ರವಾಕಗಳು. ಆದರೆ ಅಲ್ಲಿಯ ಜನ ಸುಕುಮಾರ ಶರೀರದವರು, ಕಫಪ್ರಧಾನರು. ಮನುವು ರಾಜನಿಗೆ ನೆಲೆಸಲು ಹೇಳಿದ್ದು ಜಾಂಗಲ ದೇಶವನ್ನು. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ನೆಲವೇ ಯಜ್ಞಕ್ಕೆ ಯೋಗ್ಯವೆಂದೂ ಅವನದೇ ವಚನ. ಫ್ರಾನ್ಸಿನ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿ, ವೈದ್ಯ, ಧರ್ಮ, ಕೃಷಿ ಮೂರೂ ಸೇರಿ ಒಣನೆಲವನ್ನು ಆರ್ಯಜೀವನದ ಆದರ್ಶಭೂಮಿಯಾಗಿ ಮಾಡಿದುವೆಂದು ತೋರಿಸಿದರು. ಇಂದು ಕಾಡಿಗೆ ಬಳಸುವ ‘ಜಂಗಲ್’ ಎಂಬ ಶಬ್ದವು ಹುಟ್ಟಿದ್ದು ಹುಲ್ಲುಬಯಲಿನ ಒಣನಾಡಿನಲ್ಲಿ ಎಂಬುದು ಅವರ ವಿವೇಚನೆಯಿಂದ ಅನೇಕರಿಗೆ ಹೊಸದಾಗಿ ತಿಳಿಯಿತು. ಇಷ್ಟಾದರೂ ಒಂದು ಭೇದವನ್ನು ಮರೆಯಬಾರದು. ಚರಕನಿಗೆ ಅನೂಪವು ಇಷ್ಟವಾಗದಿದ್ದರೂ ಅದೊಂದು ದೇಶ. ಅದಕ್ಕೆ ಅದರದೇ ಆಹಾರ, ಅದರದೇ ಪ್ರಾಣಿವರ್ಗ, ಅದರದೇ ರೋಗ, ಅದರದೇ ಚಿಕಿತ್ಸೆ. ಅವನು ಅದನ್ನು ಇಲ್ಲದ್ದೆಂದು ಎಣಿಸಲಿಲ್ಲ.

ಇಲ್ಲದ್ದೆಂದು ಎಣಿಸುವ ವಿದ್ಯೆ ಬಂದದ್ದು ಬೇರೆಡೆಯಿಂದ. ಸಯನ್ ಕೋಟೆ ಏಳುತ್ತಿದ್ದ ಕಾಲದಲ್ಲಿಯೇ ಇಂಗ್ಲೆಂಡಿನಲ್ಲಿ ಜಾನ್ ಲಾಕ್ ಎಂಬ ತತ್ತ್ವಜ್ಞನು ಅಮೆರಿಕದ ವಸಾಹತುಗಳ ಕಾರ್ಯಭಾರದಲ್ಲಿ ಕಾರ್ಯದರ್ಶಿಯಾಗಿದ್ದನು. 1689ರಲ್ಲಿ ಹೊರಬಂದ ಅವನ ರಾಜ್ಯಶಾಸ್ತ್ರ ಗ್ರಂಥದ ಸ್ವತ್ತಿನ ಅಧ್ಯಾಯದಲ್ಲಿ ವಾದ ಹೀಗೆ ಸಾಗುತ್ತದೆ: ಭೂಮಿ ಮೊದಲಿಗೆ ಎಲ್ಲರದು, ಒಬ್ಬನು ತನ್ನ ಶ್ರಮವನ್ನು ಅದಕ್ಕೆ ಬೆರೆಸಿದಾಗ ಅದು ಅವನದಾಗುತ್ತದೆ, ಉಳುಮೆಯಿಲ್ಲದೆ, ನೆಡದೆ, ಮೇಯಿಸದೆ ನಿಸರ್ಗಕ್ಕೇ ಬಿಟ್ಟ ನೆಲ ಪಾಳು, ಅದರ ಬೆಲೆ ಹೆಚ್ಚುಕಡಿಮೆ ಶೂನ್ಯ. ಮೀನು ಹಿಡಿಯುವವನ ಶ್ರಮ, ಏಡಿ ಅಗೆಯುವವಳ ಶ್ರಮ, ಸೌದೆ ಕಡಿಯುವವರ ಶ್ರಮ ಈ ಲೆಕ್ಕದಲ್ಲಿ ನೆಲಕ್ಕೆ ಬೆರೆತ ಶ್ರಮವಲ್ಲ. ಈ ತತ್ತ್ವವು ಕಂದಾಯದ ಕಡತವಾಗಿ ಹಿಂದುಸ್ತಾನಕ್ಕೆ ಬಂತು. ನಮ್ಮ ಪಹಣಿಯಲ್ಲಿ ಇಂದಿಗೂ ಉಳಿದುಕೊಂಡಿರುವ ಖರಾಬು ಎಂಬ ಕಲಂ ಅದರ ಸಂತತಿಯೇ. ಸ್ವತಂತ್ರ ಭಾರತ ಸರ್ಕಾರವು ಪ್ರಕಟಿಸುವ ಪಾಳುಭೂಮಿಗಳ ಭೂಪಟಗ್ರಂಥದಲ್ಲಿಯೂ ನೀರು ನಿಂತ ಜೌಗುನೆಲ ಒಂದು ವರ್ಗ. ಜೌಗಿನ ಮೇಲೆ ಮೊದಲ ಬುಟ್ಟಿ ಮಣ್ಣು ಬೀಳುವುದಕ್ಕೆ ಬಹಳ ಮುಂಚೆ ಕಾಗದದ ಮೇಲೆ ಅದು ಮುಚ್ಚಿಹೋಗಿರುತ್ತದೆ.

ತತ್ತ್ವಜ್ಞನಿಗೆ ವೈದ್ಯನ ಬೆಂಬಲವೂ ದೊರೆಯಿತು. ಕೊಳೆತ ಕೆಸರಿನಿಂದೇಳುವ ದುಷ್ಟ ವಾಯುವೇ ಜ್ವರಕ್ಕೆ ಕಾರಣವೆಂದು 19ನೇ ಶತಮಾನದ ಬಹುಭಾಗ ಎಲ್ಲರೂ ನಂಬಿದ್ದರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. 1898ರಲ್ಲಿ ನಗರ ಸುಧಾರಣೆಯ ಟ್ರಸ್ಟು ಸ್ಥಾಪಿತವಾಯಿತು. ಕಿಕ್ಕಿರಿದ ಹಳೆಯ ಪೇಟೆಯ ಜನರಿಗೆ ಗಾಳಿ ಬೆಳಕು ಒದಗಿಸಲೆಂದು ದಾದರ್, ಮಾಟುಂಗಾ, ವಡಾಲಾ, ಸಯನ್‌ಗಳ ತಗ್ಗುನೆಲವನ್ನು ತುಂಬಿ, ಅಳತೆ ಮಾಡಿ, ನೇರವಾದ ರಸ್ತೆಗಳ ಬಡಾವಣೆಗಳನ್ನು ಮಾಡಿದರು. ದಕ್ಷಿಣದವರು ಬಂದು ನೆಲೆಸಿದ್ದು ಇಲ್ಲಿಯೇ. ಇಡ್ಲಿ ಕಾಫಿಗಳೂ ಸಂಗೀತಸಭೆಗಳೂ ಯಕ್ಷಗಾನವೂ ಈ ತುಂಬಿದ ನೆಲದ ಮೇಲೆ ಬೇರೂರಿದುವು. ಅದನ್ನು ಅನುಭವಿಸಿದ ನಾವು ಟ್ರಸ್ಟನ್ನು ದೂಷಿಸುವುದು ಅಷ್ಟೇನೂ ಶೋಭಿಸದು. ವಿನೋದವೆಂದರೆ, ಟ್ರಸ್ಟು ಹುಟ್ಟುವ ಹಿಂದಿನ ವರ್ಷವೇ, 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದಾಗಿತ್ತು. ಕೆಸರಿನ ಮೇಲಿದ್ದ ಆಪಾದನೆಗಳಲ್ಲಿ ಅತಿ ಗಂಭೀರವಾದದ್ದು ಬಿದ್ದುಹೋದರೂ ಶಿಕ್ಷೆ ಮಾತ್ರ ನಿಲ್ಲಲಿಲ್ಲ.

ಉಪ್ಪಿನಾಗರದ ಕಥೆ ಇನ್ನೂ ತೊಡಕಿನದು. ಭರತದ ನೀರನ್ನು ತಗ್ಗಾದ ಗದ್ದೆಗೆ ಬಿಟ್ಟು, ಬಿಸಿಲಿಗೆ ಇಂಗಿಸುತ್ತ ಒಂದರಿಂದ ಇನ್ನೊಂದಕ್ಕೆ ಹರಿಯಿಸಿದರೆ, ನೂರಕ್ಕೆ ಮೂರೂವರೆಯಷ್ಟಿದ್ದ ಲವಣವು ಗಟ್ಟಿಯಾಗುತ್ತ ಹೋಗಿ, ಮೊದಲು ಜಿಪ್ಸಂ ಬೇರ್ಪಡುತ್ತದೆ, ಇಪ್ಪತ್ತಾರರ ಸುಮಾರಿಗೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಮಿನ ಕಹಿನೀರು ಹಿಂದುಳಿಯುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ಬಲ್ಲವರಿಗೆ ಈ ಕೆಲಸ ಹೊಸದಲ್ಲ. ಉಪ್ಪಿಗೆ ರಾಜಕೀಯವೂ ಹಳೆಯದು: ಕೌಟಿಲ್ಯನು ಲವಣಾಧ್ಯಕ್ಷನನ್ನು ನೇಮಿಸಿ ರಾಜಭಾಗವನ್ನು ಗೊತ್ತುಮಾಡಿದನು, ಆದರೂ ಶ್ರೋತ್ರಿಯರು, ತಪಸ್ವಿಗಳು, ಬಿಟ್ಟಿಯಾಳುಗಳು ಊಟಕ್ಕೆ ಬೇಕಾದ ಉಪ್ಪನ್ನು ಹಾಗೆಯೇ ಒಯ್ಯಬಹುದೆಂದು ವಿನಾಯಿತಿ ಇಟ್ಟನು. ಬ್ರಿಟಿಷರ ಲವಣನೀತಿಯಲ್ಲಿ ಬಡವನಿಗೆ ಅಷ್ಟು ದಾಕ್ಷಿಣ್ಯವೂ ಇರಲಿಲ್ಲ. 1930ರ ಏಪ್ರಿಲಿನಲ್ಲಿ ಗಾಂಧೀಜಿ ದಾಂಡಿಯಲ್ಲಿ ಎತ್ತಿಕೊಂಡ ಉಪ್ಪು ಕೆಸರಿನ ಉಪ್ಪೇ. ಮುಂಬಯಿಯಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಕಾಯ್ದೆ ಮುರಿದು ಉಪ್ಪನ್ನು ಮಾಡಿ, ಪೊಟ್ಟಣ ಕಟ್ಟಿ ಮಾರಿದರು. ಮೇ ಜೂನ್ ತಿಂಗಳುಗಳಲ್ಲಿ ಸಯನ್ನಿನ ಮಗ್ಗುಲಿನ ವಡಾಲಾ ಉಪ್ಪಿನ ಕೋಠಿಯ ಮೇಲೆ ಜನ ಸಾವಿರಗಟ್ಟಲೆಯಾಗಿ ನುಗ್ಗಿ, ಲಾಠಿ ಏಟಿನ ನಡುವೆ ಕೆಸರು ತುಳಿದು, ಹಿಡಿಯುಪ್ಪು ಹೊತ್ತು ತಂದರು. ಸರ್ಕಾರದ ಕಣ್ಣಿಗೆ ಸ್ವತ್ತಾಗಿದ್ದುದನ್ನು, ಗಾಳಿ ನೀರುಗಳಂತೆ ಸರ್ವರದೂ ಎಂದು ಸಾರಿದ ಈ ಚಳವಳಿಯನ್ನು ನಾನು ಜೌಗುಭೂಮಿಯ ರಾಜನೀತಿಯ ಅತ್ಯುತ್ತಮ ಭಾಷ್ಯವೆಂದು ತಿಳಿಯುತ್ತೇನೆ, ಅದರಲ್ಲಿ ಭಾಗವಹಿಸಿದವರಿಗೆ ಆ ಉದ್ದೇಶ ಇರಲಿಲ್ಲವಾದರೂ.

ಇಷ್ಟು ಚರಿತ್ರೆಯುಳ್ಳ ಉಪ್ಪಿನಾಗರವು ಜೌಗು ಪ್ರದೇಶವೇ, ಅಲ್ಲವೇ? ರಾಮ್ಸಾರ್ ಒಪ್ಪಂದದ ಪ್ರಕಾರ ಹೌದು: ಕೃತಕ ಜೌಗುಗಳ ಪಟ್ಟಿಯಲ್ಲಿ ಉಪ್ಪಿನಾಗರ, ನೀರಾವರಿಯ ಗದ್ದೆ, ಕೆರೆ ಎಲ್ಲವೂ ಉಂಟು. 2017ರಲ್ಲಿ ಭಾರತ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಅಲ್ಲ: ಬತ್ತದ ಗದ್ದೆ, ಉಪ್ಪು ತಯಾರಿಕೆಗಾಗಿಯೋ ನೀರಾವರಿಗಾಗಿಯೋ ಕಟ್ಟಿದ ರಚನೆಗಳು ಲಕ್ಷಣದಿಂದ ಹೊರಗೆ. ಎಂದರೆ, ಒಪ್ಪಂದಕ್ಕೆ ಸಹಿ ಹಾಕಿದ ದೇಶವು ಒಪ್ಪಂದದ ಲಕ್ಷಣವನ್ನು ಅರ್ಧಕ್ಕೆ ಕತ್ತರಿಸಿತು. ಇದರ ವೈಚಿತ್ರ್ಯ ಕರ್ನಾಟಕದಲ್ಲಿ ಚೆನ್ನಾಗಿ ಕಾಣುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ನೀರಾವರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳು. ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಜೌಗಿನ ಲಕ್ಷಣ ಅವುಗಳ ಸೋದರಿಗಳಾದ ಸಾವಿರಾರು ಕೆರೆಗಳಿಗೆ ಆ ನಿಯಮದಲ್ಲಿ ಸಲ್ಲುವುದಿಲ್ಲ. ಮುಂಬಯಿಯಲ್ಲಿ ಪರಿಣಾಮ ಇನ್ನೂ ನೇರವಾದದ್ದು. 2024ರಲ್ಲಿಯೇ, ಸಯನ್ನಿಗೆ ತಾಗಿದ ಧಾರಾವಿಯ ಪುನರ್ನಿರ್ಮಾಣಕ್ಕಾಗಿ, ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಕಡೆಯ 250 ಎಕರೆಗೂ ಮಿಕ್ಕ ಉಪ್ಪಿನಾಗರದ ನೆಲವನ್ನು ವಸತಿಗೆ ಕೊಡುವ ನಿರ್ಧಾರವಾಯಿತು. ಧಾರಾವಿಯ ಬಡವನಿಗೆ ಮನೆ ಬೇಡವೆನ್ನುವ ಧೈರ್ಯ ಯಾರಿಗಿದೆ? ಆದರೆ ಹಿಂದೊಮ್ಮೆ ಖಾಡಿಯ ಅಂಚಿಗೆ ತಳ್ಳಲ್ಪಟ್ಟವನನ್ನು ಮತ್ತೆ ಇನ್ನೊಂದು ಖಾಡಿಯ ತಗ್ಗಿಗೇ ಕಳುಹಿಸುವುದನ್ನು ಔದಾರ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಧರ್ಮಶಾಸ್ತ್ರದ ಮೂಲೆಯೊಂದರಲ್ಲಿ ಈ ಪ್ರಶ್ನೆಗೆ ಅನಿರೀಕ್ಷಿತವಾದ ಉತ್ತರವಿದೆ. ಜೈನ ಶ್ರಾವಕನು ಮಾಡಬಾರದ ಹದಿನೈದು ವೃತ್ತಿಗಳನ್ನು ಉಪಾಸಕದಶಾಂಗಸೂತ್ರವು ಕರ್ಮಾದಾನಗಳೆಂದು ಪಟ್ಟಿಮಾಡುತ್ತದೆ. ಹೇಮಚಂದ್ರನ ಯೋಗಶಾಸ್ತ್ರವೂ ಅವನ್ನು ವಿವರಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿಸುವುದು, ದಂತದ ವ್ಯಾಪಾರ, ವಿಷದ ವ್ಯಾಪಾರ, ಕಾಳ್ಗಿಚ್ಚು ಹಚ್ಚುವುದು ಇತ್ಯಾದಿಗಳ ಸಾಲಿನಲ್ಲಿ ಸರಃಶೋಷಣವೂ ಒಂದು, ಅಂದರೆ ಕೆರೆ ಸರೋವರ ಮಡುಗಳನ್ನು ಬತ್ತಿಸುವುದು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ಕಣಕಣದಲ್ಲಿ ಜೀವವಿದೆಯೆಂಬ ಸಿದ್ಧಾಂತದಿಂದ ಈ ನಿಷೇಧ ನೇರವಾಗಿ ಹೊರಡುತ್ತದೆ. ನೀರನ್ನು ಬತ್ತಿಸಿ ನೆಲಮಾಡುವ ಉದ್ಯಮದಿಂದಲೇ ಬೆಳೆದ ನಗರದಲ್ಲಿ, ಸಯನ್-ಮಾಟುಂಗಾದ ದೇರಾಸರಗಳಲ್ಲಿ, ಈ ಪಟ್ಟಿ ಅತಿಚಾರದ ಪ್ರಾಯಶ್ಚಿತ್ತದ ಭಾಗವಾಗಿ ಇಂದಿಗೂ ಪಠಿತವಾಗುತ್ತದೆ. ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ಕೋಲಿ ಬೆಸ್ತರ ಭಕ್ತಿ, ಅದೇ ಹುಣ್ಣಿಮೆಯ ಸುಮಾರಿಗೆ ನಮ್ಮ ಮೊಗವೀರರು ಮಾಡುವ ಸಮುದ್ರಪೂಜೆ, ಇವುಗಳಲ್ಲಿ ಸಿದ್ಧಾಂತ ಕಡಿಮೆ, ಲೆಕ್ಕಾಚಾರ ಹೆಚ್ಚು: ಮಳೆಗಾಲದಲ್ಲಿ ಮೀನು ಮರಿಮಾಡುವವರೆಗೆ ಬಲೆ ಒಣಗಬೇಕು.

ಸರ್ವರಿಗೂ ಸೇರಿದ್ದು ಸರ್ವನಾಶವಾಗುವುದು ಅನಿವಾರ್ಯವೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದನು. ಸಮುದಾಯಗಳು ತಾವೇ ಕಟ್ಟಳೆ ಮಾಡಿಕೊಂಡು ಶತಮಾನಗಳ ಕಾಲ ನಡೆಯಿಸಿದ ಉದಾಹರಣೆಗಳನ್ನು ಲೋಕದ ನಾನಾ ಮೂಲೆಗಳಿಂದ ಕೂಡಿಸಿ ಎಲಿನೋರ್ ಆಸ್ಟ್ರಮ್ 1990ರಲ್ಲಿ ಉತ್ತರ ಕೊಟ್ಟರು, 2009ರಲ್ಲಿ ನೊಬೆಲ್ ಪಡೆದರು. ಅವರ ಸಾಲಿಗೆ ಕುಮಟೆಯ ಸಮೀಪ ಅಘನಾಶಿನಿಯ ಅಳಿವೆಯಲ್ಲಿರುವ ಮಾಣಿಕಟ್ಟೆಯ ಗಜನಿಗದ್ದೆಗಳನ್ನು ಸೇರಿಸಬಹುದು. ಮಳೆ ಹಿಡಿದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ. ಪ್ರವಾಹದಲ್ಲಿ ಮುಳುಗಿದರೂ ಕೊಳೆಯದೆ ಎತ್ತರಕ್ಕೆ ಬೆಳೆಯುವ ಜಾತಿ ಅದು. ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಬಿಟ್ಟು, ತೂಬು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ, ಕೊಳೆಯುವ ಹುಲ್ಲಿನ ನಡುವೆ ಸೀಗಡಿ, ಮೀನು. ಒಡ್ಡಿನ ದುರಸ್ತಿ, ತೂಬಿನ ಕಾವಲು, ಫಲದ ಹಂಚಿಕೆ ಎಲ್ಲಕ್ಕೂ ಊರವರ ಕಟ್ಟಳೆ. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಸಮುದ್ರ. ಉದಯನನ ಸಾಂಕರ್ಯವನ್ನು ಪಂಚಾಂಗವಾಗಿ ಮಾಡಿಕೊಂಡ ಜನ ಇವರು. ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿತು. ಸೀಗಡಿಯ ಲಾಭ ಏರಿದಂತೆ ಕಗ್ಗ ಬಿತ್ತುವವರು ಕಡಿಮೆಯಾದರೆಂಬುದನ್ನೂ ಇಲ್ಲಿ ಸೇರಿಸದಿದ್ದರೆ ಚಿತ್ರ ಸುಳ್ಳಾಗುತ್ತದೆ.

ಮುಂಬಯಿಗೆ ಪಾಠ ಕಲಿಸಿದ್ದು ಗ್ರಂಥವಲ್ಲ, 2005ರ ಜುಲೈ 26. ಸಾಂತಾಕ್ರೂಜಿನ ಮಾಪಕದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ ಆ ದಿನ, ವಿಹಾರ ಪೊವಾಯಿ ಕೆರೆಗಳ ಕೋಡಿಯಿಂದ ಹುಟ್ಟುವ ಮಿಠೀ ನದಿಯು, ವಿಮಾನ ನಿಲ್ದಾಣದಿಂದ ತಿರುಚಲ್ಪಟ್ಟು, ಬಾಂದ್ರಾ-ಕುರ್ಲಾದ ಹೊಸ ಕಚೇರಿ ಸಂಕೀರ್ಣದಿಂದ ಕಿರಿದಾಗಿ, ಮಾಹಿಮಿನ ಬಾಯಲ್ಲಿ ಭರತದಿಂದ ತಡೆಯಲ್ಪಟ್ಟು, ಕುರ್ಲಾ, ಕಾಲೀನಾ, ಸಯನ್‌ಗಳನ್ನು ಮುಳುಗಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲ ಕಡಿಯುವುದನ್ನು ತಡೆಯಿತು. 2018ರ ತೀರ್ಪಿನಲ್ಲಿ ಕಾಂಡ್ಲದ ನಾಶವು ಜೀವಿಸುವ ಮೂಲಭೂತ ಹಕ್ಕಿಗೇ ಭಂಗವೆಂದು ಹೇಳಿತು. ಗಾಳಿ, ಹರಿಯುವ ನೀರು, ಸಮುದ್ರ, ಅದರ ತೀರ ಇವು ಯಾರೊಬ್ಬರದೂ ಅಲ್ಲವೆಂದ ಜಸ್ಟೀನಿಯನ್ನನ ರೋಮನ್ ಸಂಹಿತೆಯ ಮಾತು, ಸರ್ಕಾರವು ಇವುಗಳ ಒಡೆಯನಲ್ಲ, ನ್ಯಾಸಧಾರಿ ಮಾತ್ರ ಎಂಬ ರೂಪದಲ್ಲಿ, 1996ರ ಸುಪ್ರೀಂ ಕೋರ್ಟಿನ ತೀರ್ಪೊಂದರ ಮೂಲಕ ನಮ್ಮ ಕಾನೂನಿನೊಳಗೆ ಆಗಲೇ ಬಂದಿತ್ತು.

ಧಾರಾವಿಯ ಅಂಚಿನಲ್ಲಿ, ಹಿಂದೆ ಊರಿನ ಕಸ ಸುರಿಯುತ್ತಿದ್ದ ದಿಬ್ಬದ ಮೇಲೆ ಬೆಳೆಸಿ 1994ರಲ್ಲಿ ತೆರೆದ ಮಹಾರಾಷ್ಟ್ರ ನಿಸರ್ಗ ಉದ್ಯಾನವು ಸುಂದರವಾದ ತಾಣ, ಮಕ್ಕಳನ್ನು ಕರೆದೊಯ್ಯತಕ್ಕದ್ದು. ಆದರೆ ಅದು ಒಣನೆಲದ ಕಾಡು. ಜೌಗಿದ್ದ ಸೀಮೆಯಲ್ಲಿ ಕಸ ಸುರಿದು, ಕಸದ ಮೇಲೆ ಮಣ್ಣು ಹರಡಿ, ಮಣ್ಣಿನಲ್ಲಿ ಮರ ನೆಟ್ಟು ನಿಸರ್ಗವನ್ನು ಮರಳಿಸಿದೆವೆಂದು ಹೇಳುವಾಗಲೂ ನಮ್ಮ ಕಣ್ಣಿನ ಮುಂದಿರುವುದು ಮನುವಿನ ಜಾಂಗಲದ ಆದರ್ಶವೇ ಹೊರತು ಚರಕನ ಅನೂಪವಲ್ಲ.

ರಾಜಹಂಸಗಳ ವಿಷಯದಲ್ಲಿ ಈ ಗೊಂದಲ ಪರಾಕಾಷ್ಠೆಗೆ ಮುಟ್ಟುತ್ತದೆ. 1990ರ ದಶಕದಿಂದೀಚೆಗೆ ಸಯನ್ನಿಗೆ ಸಮೀಪದ ಶಿವಡಿಯ ಕೆಸರಿಗೆ ಚಳಿಗಾಲದಿಂದ ಬೇಸಗೆಯವರೆಗೆ ಈ ಹಕ್ಕಿಗಳು ದಂಡುದಂಡಾಗಿ ಬರುತ್ತಿವೆ. ಠಾಣೆ ಖಾಡಿಯುದ್ದಕ್ಕೂ ಎಣಿಸಿದಾಗ ಲಕ್ಷವನ್ನು ಮೀರಿದ್ದುಂಟು. 2015ರಲ್ಲಿ ಖಾಡಿಯ ಒಂದು ಭಾಗ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಚಿಕ್ಕ ಜಾತಿಯ ರಾಜಹಂಸದ ಮುಖ್ಯ ಆಹಾರ ಕೆಸರಿನ ಮೇಲಿನ ಸೂಕ್ಷ್ಮ ಪಾಚಿ. ಗರಿಯ ಗುಲಾಬಿ ಬಣ್ಣವೂ ಅದರಿಂದಲೇ. ಆ ಪಾಚಿಗೆ ಗೊಬ್ಬರವಾಗಿರುವುದು ಸಂಸ್ಕರಿಸದೆ ನಾವು ಬಿಡುವ ಚರಂಡಿಯ ನೀರು ಎಂಬುದು ತಜ್ಞರಲ್ಲಿ ಹಲವರ ಅಭಿಪ್ರಾಯ. ಚರಂಡಿ ಶುದ್ಧವಾದರೆ ಪಾಚಿ ಕುಗ್ಗಬಹುದು, ಹಕ್ಕಿ ಬೇರೆಡೆ ಹೋಗಬಹುದು. ಹಾಗಾದರೆ ಶುದ್ಧಿ ಬೇಡವೇ? ಆ ಕೆಸರಿನ ಮೇಲೆ ಹಾಯುವ ಅಟಲ್ ಸೇತುವಿನಲ್ಲಿ ಕಾರು ನಿಧಾನಿಸಿ ಗುಲಾಬಿಯನ್ನು ನೋಡುವವನ ಉತ್ತರ ಒಂದಿರಬಹುದು. ಧಾರಾವಿ ಸಯನ್‌ಗಳ ಕೋಲಿವಾಡಗಳಲ್ಲಿ, ಮನೆಯ ಹಿಂದಿನ ಖಾಡಿಯಲ್ಲಿಯೇ ಮೀನು ಸಿಗುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದು ಪ್ರಶ್ನೆಯೇ ಅಲ್ಲ: ಅವರಿಗೆ ಬೇಕಾದದ್ದು ಮೀನು ಬದುಕುವ ನೀರು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಹಂಸವನ್ನು ಬಿಟ್ಟು ಮೀನಿನ ಪಕ್ಷವನ್ನು ಹಿಡಿಯುತ್ತೇನೆ.